ಎಡಗೈ ಹೇಳಿದ್ದು ನನಗೆ ಕೇಳಿಸಲಿಲ್ಲ

ಭಾನುವಾರ ಸಂಜೆ ಸೂರತ್‌ನಿಂದ ಅಹಮದಾಬಾದ್‌ಗೆ ಹೊರಟಾಗಲೆಲ್ಲ ನನಗೊಂದು ರೂಢಿ. ಅಂಕ್ಲೇಶ್ವರ ದಾಟಿ ರೈಲು ನರ್ಮದಾ ಸೇತುವೆಯ ಮೇಲೆ ಬಂದ ತಕ್ಷಣ ಕುಂದಾಪುರದ ಕಡೆಯ ನಮ್ಮೂರಿಗೆ ಫೋನ್ ಮಾಡುವುದು. ಅಮ್ಮನಿಗೂ ಅದು ಗೊತ್ತು. ದೇವರಿಗೆ ದೀಪ ಹಚ್ಚಿ ಜಗಲಿಯ ಮೇಲೆ ಫೋನ್ ಹಿಡಿದುಕೊಂಡೇ ಕೂತಿರುತ್ತಾರೆ.

2023ರ ಮಾರ್ಚ್ ಮೊದಲ ಭಾನುವಾರವೂ ಹಾಗೇ ಮಾಡಿದೆ. ಮನೆಯ ದನ ಕರು ಹಾಕಿದ ಸುದ್ದಿ, ಪಕ್ಕದ ಮನೆಯ ಮದುವೆಯ ಸುದ್ದಿ ಎಲ್ಲ ಮುಗಿದು ರೈಲು ಭರೂಚ್ ದಾಟಿತ್ತು. ‘ಕರುವಿಗೆ ಎಂತ ಹೆಸರಿಟ್ಟಿರಿ?’ ಎಂದು ಕೇಳಬೇಕಿತ್ತು. ಪ್ರಶ್ನೆ ತಲೆಯೊಳಗೆ ಸ್ಪಷ್ಟವಾಗಿತ್ತು. ಬಾಯಿಂದ ಮಾತ್ರ ಬೇರೇನೋ ಬಂತು. ಇನ್ನೊಮ್ಮೆ ಪ್ರಯತ್ನಿಸಿದೆ. ಮತ್ತೂ ಅರ್ಥವಿಲ್ಲದ ಶಬ್ದ.

‘ಎಂತ ಅದ್? ಸಮಾ ಮಾತಾಡ್ ಮಗಾ’ ಎಂದರು ಅಮ್ಮ.

ಅಷ್ಟರಲ್ಲಿ ಬಲಗೈಯಿಂದ ಫೋನ್ ಜಾರಿ ಕಾಲ ಬಳಿ ಬಿತ್ತು. ಬಗ್ಗಿ ಎತ್ತಿಕೊಳ್ಳೋಣವೆಂದರೆ ಬಲಗೈ ನನ್ನದೇ ಅಲ್ಲ ಎಂಬಂತೆ ತೊಡೆಯ ಮೇಲೆ ಬಿದ್ದಿತ್ತು. ನೋವಿರಲಿಲ್ಲ. ಹೆದರಿಕೆಯೂ ಆ ಕ್ಷಣಕ್ಕೆ ಆಗಲಿಲ್ಲ. ನೆಟ್‌ವರ್ಕ್ ಸರಿಯಿಲ್ಲ ಎಂಬ ಒಂದೇ ಯೋಚನೆ ಇತ್ತು!

ಎದುರು ಸೀಟಿನಲ್ಲಿ ಥೇಪ್ಲಾ ಡಬ್ಬಿ ಬಿಚ್ಚಿಕೊಂಡು ಕೂತಿದ್ದ ವಯಸ್ಸಾದ ಗುಜರಾತಿ ಹೆಂಗಸೊಬ್ಬರು ನನ್ನ ಮುಖ ನೋಡಿ ‘ಬೇಟಾ, ಶು ಥಯು?’ ಎಂದರು. ನಾನು ನಕ್ಕೆನಂತೆ. ಅರ್ಧ ಮುಖ ಮಾತ್ರ ನಕ್ಕಿತಂತೆ. ಅವರು ಡಬ್ಬಿ ಮುಚ್ಚಿ, ಕೆಳಗೆ ಬಿದ್ದಿದ್ದ ಫೋನ್ ಎತ್ತಿಕೊಂಡು, ಆ ಕಡೆಯಿಂದ ಕೂಗುತ್ತಿದ್ದ ಅಮ್ಮನಿಗೆ ಒಂದೇ ಪದ ಹೇಳಿದರು: ‘ಲಕ್ವೋ.’ ಗುಜರಾತಿ ತಿಳಿಯದ ಅಮ್ಮನಿಗೆ ಅದು ತಿಳಿಯಿತು. ನಮ್ಮ ಉತ್ತರ ಕರ್ನಾಟಕದ ಲಕ್ವಾ, ಇಲ್ಲಿಯ ಲಕ್ವೋ, ಪತ್ರಿಕೆಯ ಪಾರ್ಶ್ವವಾಯು, ಆಸ್ಪತ್ರೆಯ ಸ್ಟ್ರೋಕ್ ಎಲ್ಲ ಒಂದೇ. ಆಗ ನನಗೆ 33 ವರ್ಷ. ಬಿ.ಪಿ. ಇಲ್ಲ, ಸಕ್ಕರೆ ಕಾಯಿಲೆ ಇಲ್ಲ, ಬೀಡಿ ಸಿಗರೇಟಿನ ಮಾತೇ ಇಲ್ಲ.

ಮೂರು ಊರಿನ ಸಂಸಾರ

ನಾನು ಸುರತ್ಕಲ್‌ನಲ್ಲಿ ಎಂ.ಟೆಕ್. ಮಾಡಿದವಳು. ಪತಿಗೆ ಸೂರತ್ ಬಳಿಯ ಹಜೀರಾದ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಾಗ ‘ಸುರತ್ಕಲ್‌ನಿಂದ ಸೂರತ್‌ಗೆ, ಬರೀ ಒಂದು ಕಲ್ಲು ಕಮ್ಮಿ’ ಎಂದು ಗೆಳತಿಯರು ನಗಾಡಿದ್ದರು. ನನಗೆ ಕೆಲಸ ಸಿಕ್ಕಿದ್ದು ಅಹಮದಾಬಾದ್‌ನಲ್ಲಿ, ಎಸ್.ಜಿ. ಹೈವೇ ಬದಿಯ ಸಾಫ್ಟ್‌ವೇರ್ ಕಂಪನಿಯೊಂದರಲ್ಲಿ. ಎರಡು ಊರುಗಳ ನಡುವೆ ವಡೋದರಾ. ಅಲ್ಲಿ ನನ್ನ ಸೋದರಮಾವ ಮೂವತ್ತು ವರ್ಷಗಳಿಂದ ಹೋಟೆಲ್ ನಡೆಸುತ್ತಿದ್ದಾರೆ. ಹದಿನೈದನೇ ವಯಸ್ಸಿಗೆ ತಟ್ಟೆ ಲೋಟ ತೊಳೆಯಲು ಬಂದು, ಈಗ ತಮ್ಮದೇ ಗಲ್ಲಾದಲ್ಲಿ ಕೂರುವ, ನಮ್ಮ ಕರಾವಳಿಯ ಎಷ್ಟೋ ಜನರ ಕಥೆಯೇ ಅವರದ್ದೂ.

ವಾರದ ಐದು ದಿನ ಅಹಮದಾಬಾದ್, ಎರಡು ದಿನ ಸೂರತ್, ಯಾವಾಗಲಾದರೊಮ್ಮೆ ನಡುವೆ ಇಳಿದು ಮಾವನ ಮನೆಯಲ್ಲಿ ಕುಚ್ಚಲಕ್ಕಿ ಗಂಜಿ. ಹೊರಗೆ ದುಡಿಯುವ ನಮ್ಮಂಥವರ ಬದುಕು ಬಹುಪಾಲು ರೈಲಿನ ವೇಳಾಪಟ್ಟಿಯಲ್ಲೇ ಇರುತ್ತದೆ. ಮೈಯಲ್ಲಿ ಏನಾದರೂ ಸಣ್ಣ ತೊಂದರೆಯಾದರೆ ‘ಮುಂದಿನ ವಾರ ನೋಡೋಣ’ ಎಂದು ದೂಡುವುದೂ ಅದೇ ಪಟ್ಟಿಯ ಒಂದು ಭಾಗ.

ದೂಡಿದ ವಾರಗಳು

ಈಗ ಹಿಂದಿರುಗಿ ನೋಡಿದರೆ ಆರು ತಿಂಗಳಿಂದಲೂ ಸೂಚನೆಗಳಿದ್ದವು.

2022ರ ನವರಾತ್ರಿಯಲ್ಲಿ ಆಫೀಸಿನ ಗೆಳತಿಯರ ಜತೆ ದಾಂಡಿಯಾ ಆಡುವಾಗ ಎಡಗೈ ಬೇಗ ಸೋಲುತ್ತಿತ್ತು. ಐದು ನಿಮಿಷ ಕೋಲು ಬೀಸಿದರೆ ತೋಳಿನಲ್ಲಿ ಸೆಳೆತ. ಕೂತರೆ ಸರಿ. ಬಟ್ಟೆ ಒಣಹಾಕುವಾಗ, ತಲೆ ಬಾಚುವಾಗ, ಚಪಾತಿ ಹಿಟ್ಟು ನಾದುವಾಗಲೂ ಅದೇ ಕಥೆ. ದಿನವಿಡೀ ಕೀಬೋರ್ಡ್ ಮುಂದೆ ಕೂರುವವರಿಗೆ ಇದೆಲ್ಲ ಇದ್ದದ್ದೇ ಎಂದುಕೊಂಡೆ. ಹೊಸ ಕುರ್ಚಿ ತರಿಸಿದೆ.

ಜನವರಿಯ ಉತ್ತರಾಯಣ ಅಹಮದಾಬಾದ್‌ನಲ್ಲಿ ದೊಡ್ಡ ಹಬ್ಬ. ಊರಿಗೆ ಊರೇ ತಾರಸಿಯ ಮೇಲಿರುತ್ತದೆ. ಗಾಳಿಪಟ ನೋಡಲು ಕತ್ತೆತ್ತಿದಾಗ ಕಣ್ಣು ಕತ್ತಲೆ ಬಂದು ನೀರಿನ ಟ್ಯಾಂಕ್ ಹಿಡಿದುಕೊಂಡೆ. ಬಿಸಿಲು ಎಂದುಕೊಂಡೆ. ಸಂಜೆಯಾದರೆ ಸಣ್ಣ ಜ್ವರ, ಕತ್ತಿನ ಎಡಭಾಗ ಮುಟ್ಟಿದರೆ ನೋವು, ಐದು ಕಿಲೋ ತೂಕ ಇಳಿದದ್ದು. ತೂಕ ಇಳಿದದ್ದಕ್ಕೆ ಖುಷಿಪಟ್ಟೆ ಎಂದು ಹೇಳಿಕೊಳ್ಳಲು ಈಗ ನಾಚಿಕೆಯಾಗುತ್ತದೆ.

ಎಲ್ಲಕ್ಕಿಂತ ದೊಡ್ಡ ಸೂಚನೆ ಸಿಕ್ಕಿದ್ದು ಕಚೇರಿಯಲ್ಲಿ ನಡೆದ ಆರೋಗ್ಯ ತಪಾಸಣಾ ಶಿಬಿರದಲ್ಲಿ. ಹುಡುಗನೊಬ್ಬ ಎಡಗೈಗೆ ಬಿ.ಪಿ. ಪಟ್ಟಿ ಸುತ್ತಿದ. ಯಂತ್ರ ‘ಎರರ್’ ಎಂದಿತು. ಬ್ಯಾಟರಿ ಬದಲಿಸಿದ. ಮತ್ತೆ ಎರರ್. ಮೂರನೇ ಬಾರಿ 84/60 ತೋರಿಸಿತು. ‘ಯಂತ್ರ ಸರಿಯಿಲ್ಲ ಮೇಡಂ’ ಎಂದು ಪಟ್ಟಿಯನ್ನು ಬಲಗೈಗೆ ಸುತ್ತಿದ. 138/84. ಅದನ್ನೇ ಬರೆದುಕೊಂಡು ‘ಸ್ವಲ್ಪ ಟೆನ್ಷನ್ ಕಮ್ಮಿ ಮಾಡಿ’ ಎಂದ. ಸಾಲಿನಲ್ಲಿ ನನ್ನ ಹಿಂದೆ ನಲವತ್ತು ಜನ ಇದ್ದರು. ನಾನೂ ಎದ್ದು ಬಂದೆ.

ದಿನವೂ ಎರರ್ ಸಂದೇಶಗಳನ್ನು ಓದುವುದೇ ನನ್ನ ಕೆಲಸ. ಯಾವುದೋ ಪ್ರೋಗ್ರಾಮ್ ಮೂರು ಬಾರಿ ತಪ್ಪು ತೋರಿಸಿದರೆ ನಾನು ಬಿಡುವವಳಲ್ಲ. ನನ್ನದೇ ಎರಡು ಕೈಗಳ ನಡುವೆ 54 ಅಂಕದ ವ್ಯತ್ಯಾಸ ಇತ್ತು. ಯಂತ್ರ ಸರಿಯಾಗಿಯೇ ಇತ್ತು. ಎಡಗೈಗೆ ರಕ್ತ ಹೋಗುತ್ತಿರಲಿಲ್ಲ.

ಅದೇ ಶಿಬಿರದ ರಕ್ತಪರೀಕ್ಷೆಯಲ್ಲಿ ಇ.ಎಸ್.ಆರ್. 72 ಬಂದಿತ್ತು. ಮನೆ ಹತ್ತಿರದ ಕ್ಲಿನಿಕ್‌ನಲ್ಲಿ ತೋರಿಸಿದಾಗ ರಕ್ತಹೀನತೆ ಎಂದು ಕಬ್ಬಿಣದ ಮಾತ್ರೆ ಕೊಟ್ಟರು. ಮೂರು ನಿಮಿಷದ ಭೇಟಿ. ಯಾರೂ ನನ್ನ ನಾಡಿ ಹಿಡಿದು ನೋಡಲಿಲ್ಲ. ನಾನೂ ಕೈ ಸೋಲುವ ವಿಷಯ ಹೇಳಲಿಲ್ಲ. ತಪ್ಪನ್ನು ಪೂರ್ತಿ ಅವರ ತಲೆಗೆ ಕಟ್ಟಲಾರೆ.

ವಡೋದರಾದ ಆ ರಾತ್ರಿ

ರೈಲಿನಲ್ಲಿದ್ದ ಮಾಸಿ ಟಿ.ಟಿ.ಇ.ಯನ್ನು ಕರೆಸಿದರು. ಯಾರೋ ಯುವಕ ರೈಲ್ವೆ ಸಹಾಯವಾಣಿ 139ಕ್ಕೆ ಫೋನ್ ಮಾಡಿದ. ಅಮ್ಮ ಪತಿಗೆ, ಪತಿ ಮಾವನಿಗೆ ತಿಳಿಸಿದರು. ರೈಲು ವಡೋದರಾ ಮುಟ್ಟುವಷ್ಟರಲ್ಲಿ ಪ್ಲಾಟ್‌ಫಾರ್ಮ್ ಮೇಲೆ ಗಾಲಿಕುರ್ಚಿ ಇತ್ತು. ಅದರ ಪಕ್ಕದಲ್ಲಿ ಹೋಟೆಲ್ ಏಪ್ರನ್ ಬಿಚ್ಚದೆಯೇ ಓಡಿಬಂದ ಮಾವ. ‘ಎಂತ ಆಯ್ತ್ ಮಗಾ?’ ಎಂದರು. ಉತ್ತರ ಗೊತ್ತಿತ್ತು. ಹೇಳಲಾಗಲಿಲ್ಲ.

ಆಸ್ಪತ್ರೆಯಲ್ಲಿ ಮೊದಲು ಕೇಳಿದ ಪ್ರಶ್ನೆ: ‘ಕೊನೆಯ ಸಲ ಸರಿಯಾಗಿದ್ದದ್ದು ಎಷ್ಟು ಗಂಟೆಗೆ?’ ಮೆದುಳಿನ ರಕ್ತನಾಳದಲ್ಲಿ ಹೆಪ್ಪು ಕಟ್ಟಿದಾಗ ಅದನ್ನು ಕರಗಿಸುವ ಚುಚ್ಚುಮದ್ದನ್ನು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು. ದೊಡ್ಡ ನಾಳ ಕಟ್ಟಿಕೊಂಡಿದ್ದರೆ ತಂತಿ ಹಾಯಿಸಿ ಹೆಪ್ಪನ್ನು ಎಳೆದು ತೆಗೆಯುವ ವಿಧಾನವಿದೆ, ಅದನ್ನು ಆಯ್ದ ಕೆಲವರಲ್ಲಿ 24 ಗಂಟೆಯವರೆಗೂ ಮಾಡಬಹುದು. ಆದರೆ ತಡವಾದಷ್ಟೂ ನಷ್ಟ. ಸ್ಟ್ರೋಕ್ ಆದ ಮೆದುಳಿನಲ್ಲಿ ನಿಮಿಷಕ್ಕೆ ಸುಮಾರು 19 ಲಕ್ಷ ನರಕೋಶಗಳು ಸಾಯುತ್ತವೆ ಎಂಬ ಲೆಕ್ಕವಿದೆ. ಎಷ್ಟೋ ಮನೆಗಳಲ್ಲಿ ರೋಗಿಗೆ ಯಾವಾಗ ಶುರುವಾಯಿತೆಂದೇ ಯಾರಿಗೂ ಗೊತ್ತಿರುವುದಿಲ್ಲ. ನನ್ನ ವಿಷಯದಲ್ಲಿ ಅಮ್ಮನ ಫೋನ್‌ನಲ್ಲಿ ದಾಖಲೆಯೇ ಇತ್ತು. 6.21ಕ್ಕೆ ಶುರುವಾದ ಕರೆ. ‘ಇಪ್ಪತ್ತು ನಿಮಿಷ ಸಮಾ ಮಾತಾಡಿದ್ಲ್’ ಎಂದು ಅಮ್ಮ ಹೇಳಿದ್ದನ್ನು ಮಾವ ಹಿಂದಿಗೆ ತಿರುಗಿಸಿದರು. ವೈದ್ಯರು 6.40 ಎಂದು ಬರೆದುಕೊಂಡರು. ಆಗ ಗಂಟೆ 7.55.

ಚುಚ್ಚುಮದ್ದು ಕೊಡುವ ಮೊದಲು ಇನ್ನೊಂದು ವಿಷಯ ನಡೆಯಿತು. ನರ್ಸ್ ಎಡಗೈಯಲ್ಲಿ ಬಿ.ಪಿ. ನೋಡಿ ‘ಸಿಗುತ್ತಿಲ್ಲ’ ಎಂದಳು. ಈ ಸಲ ಯಾರೂ ಬ್ಯಾಟರಿ ಬದಲಿಸಲಿಲ್ಲ. ಮೂವತ್ತು ದಾಟಿರದ ಕಿರಿಯ ವೈದ್ಯೆಯೊಬ್ಬಳು ನನ್ನ ಎರಡೂ ಮಣಿಕಟ್ಟನ್ನು ಒಟ್ಟಿಗೆ ಹಿಡಿದು ಕಣ್ಣುಮುಚ್ಚಿ ನಿಂತಳು. ಬಲಗೈಯಲ್ಲಿ ನಾಡಿ ಇತ್ತು, ಎಡಗೈಯಲ್ಲಿ ಇರಲಿಲ್ಲ. ಕತ್ತಿಗೆ ಸ್ಟೆತಾಸ್ಕೋಪ್ ಇಟ್ಟಳು. ಕಿರಿದಾದ ನಾಳದಲ್ಲಿ ರಕ್ತ ನುಗ್ಗುವ ‘ಸ್ಸ್’ ಎಂಬ ಸದ್ದು ಕೇಳಿಸಿತಂತೆ.

ಎರಡು ಕೈಗಳ ನಾಡಿಯಲ್ಲಿ ವ್ಯತ್ಯಾಸವಿದ್ದರೆ ಮಹಾಧಮನಿಯ ಗೋಡೆ ಸೀಳಿರಬಹುದು ಎಂಬ ಭಯ ಇರುತ್ತದೆ. ಹಾಗಿದ್ದಲ್ಲಿ ಹೆಪ್ಪು ಕರಗಿಸುವ ಔಷಧ ಜೀವಕ್ಕೇ ಅಪಾಯ. ಆದ್ದರಿಂದ ತಲೆಯ ಸಿ.ಟಿ. ಜತೆಗೆ ಎದೆಯಿಂದ ಮೆದುಳಿನವರೆಗಿನ ರಕ್ತನಾಳಗಳ ಸಿ.ಟಿ. ಆಂಜಿಯೋಗ್ರಾಮ್ ಕೂಡ ಮಾಡಿದರು. ಸೀಳಿರಲಿಲ್ಲ. ಆದರೆ ಎಡಗೈಗೆ ಹೋಗುವ ನಾಳ ಮುಚ್ಚಿಕೊಳ್ಳುವಂತಿತ್ತು. ಕತ್ತಿನ ಎಡಭಾಗದಲ್ಲಿ ಮೆದುಳಿಗೆ ರಕ್ತ ಒಯ್ಯುವ ನಾಳದ ಗೋಡೆ ದಪ್ಪಗಾಗಿ ದಾರಿ ಕಿರಿದಾಗಿತ್ತು. ಮೆದುಳಿನ ಎಡಭಾಗ ಬಲಗೈಯನ್ನೂ, ಬಹುತೇಕರಲ್ಲಿ ಮಾತನ್ನೂ ನೋಡಿಕೊಳ್ಳುತ್ತದೆ. ಹೀಗಾಗಿ ಆರು ತಿಂಗಳು ದೂರು ಹೇಳಿದ್ದು ಎಡಗೈ, ಕೊನೆಗೆ ಬಿದ್ದದ್ದು ಬಲಗೈ.

8.40ಕ್ಕೆ ಚುಚ್ಚುಮದ್ದು ಕೊಟ್ಟರು. ಪತಿ ಸೂರತ್‌ನಿಂದ ಕಾರಿನಲ್ಲಿ ಬಂದು ಮುಟ್ಟುವಷ್ಟರಲ್ಲಿ ಬೆರಳುಗಳು ಅಲುಗಾಡತೊಡಗಿದ್ದವು.

ನಾಡಿಯೇ ಇಲ್ಲದ ಕಾಯಿಲೆ

ಕಾಯಿಲೆಯ ಹೆಸರು ಟಕಾಯಾಸು ಆರ್ಟರೈಟಿಸ್. ರಕ್ತನಾಳಗಳ ಉರಿಯೂತದ ಕಾಯಿಲೆಗಳಿಗೆ ಒಟ್ಟಾಗಿ ವ್ಯಾಸ್ಕುಲೈಟಿಸ್ ಎನ್ನುತ್ತಾರೆ. ಅದರಲ್ಲಿ ಇದೊಂದು ಬಗೆ. ಸೋಂಕಲ್ಲ, ಒಬ್ಬರಿಂದ ಒಬ್ಬರಿಗೆ ಹರಡುವುದಿಲ್ಲ. ನಮ್ಮನ್ನು ಕಾಯಬೇಕಾದ ರೋಗನಿರೋಧಕ ವ್ಯವಸ್ಥೆಯೇ ಮಹಾಧಮನಿ ಮತ್ತು ಅದರ ದೊಡ್ಡ ಕವಲುಗಳ ಗೋಡೆಯ ಮೇಲೆ ತಿರುಗಿಬೀಳುತ್ತದೆ. ಏಕೆ ಎಂಬುದು ಇಂದಿಗೂ ಪೂರ್ತಿ ತಿಳಿದಿಲ್ಲ. ಅಪರೂಪದ ಕಾಯಿಲೆ. ಹೆಚ್ಚಾಗಿ ನಲವತ್ತರ ಒಳಗಿನ ಹೆಂಗಸರಲ್ಲಿ ಕಾಣಿಸಿಕೊಳ್ಳುತ್ತದೆ. ಯುರೋಪ್, ಅಮೆರಿಕಗಳಿಗಿಂತ ಏಷ್ಯಾದಲ್ಲಿ ಹೆಚ್ಚು.

ಮಿಕಿಟೊ ಟಕಾಯಾಸು ಜಪಾನಿನ ಕನಜಾವಾದಲ್ಲಿದ್ದ ಕಣ್ಣಿನ ವೈದ್ಯ. ದೃಷ್ಟಿ ಮಂಜಾಗಿ ಬಂದ ತರುಣಿಯೊಬ್ಬಳ ಕಣ್ಣಿನೊಳಗೆ ನೋಡಿದಾಗ ಸಣ್ಣ ರಕ್ತನಾಳಗಳು ನರದ ಸುತ್ತ ಮಾಲೆಯಂತೆ ಒಂದಕ್ಕೊಂದು ಹೆಣೆದುಕೊಂಡಿದ್ದವು. 1908ರಲ್ಲಿ ನೇತ್ರವೈದ್ಯರ ಸಭೆಯಲ್ಲಿ ಅವರು ಇದನ್ನು ವಿವರಿಸಿದಾಗ, ಸಭೆಯಲ್ಲಿದ್ದ ಬೇರೆ ವೈದ್ಯರು ತಾವು ನೋಡಿದ ಇಂಥದೇ ರೋಗಿಗಳ ಮಣಿಕಟ್ಟಿನಲ್ಲಿ ನಾಡಿ ಸಿಗುತ್ತಿರಲಿಲ್ಲ ಎಂದರು. ಕಣ್ಣಿಗೂ ಕೈಗೂ ಸಂಬಂಧ ಕೂಡಿಬಂದದ್ದು ಹಾಗೆ. ಮುಂದೆ ಇದಕ್ಕೆ ‘ನಾಡಿ ಇಲ್ಲದ ಕಾಯಿಲೆ’ ಎಂಬ ಹೆಸರೂ ಬಂತು.

ಇದರಿಂದ ಸ್ಟ್ರೋಕ್ ಹೇಗೆ ಆಗುತ್ತದೆ? ಮುಖ್ಯವಾಗಿ ಮೂರು ದಾರಿ. ಕತ್ತಿನ ನಾಳ ಕಿರಿದಾಗಿ ಮೆದುಳಿಗೆ ರಕ್ತವೇ ಸಾಲದೆ ಹೋಗಬಹುದು. ಊದಿಕೊಂಡ ಗೋಡೆಯ ಮೇಲೆ ಹೆಪ್ಪು ಕಟ್ಟಿ ಅದರ ತುಣುಕು ಮೇಲಕ್ಕೆ ಹೋಗಿ ಸಿಕ್ಕಿಕೊಳ್ಳಬಹುದು. ನನಗಾದದ್ದು ಇದೇ. ಮೂರನೆಯದು, ಮೂತ್ರಪಿಂಡಕ್ಕೆ ಹೋಗುವ ನಾಳ ಕಿರಿದಾದರೆ ರಕ್ತದೊತ್ತಡ ವಿಪರೀತ ಏರಿ ಮೆದುಳಿನಲ್ಲಿ ರಕ್ತಸ್ರಾವವಾಗಬಹುದು. ಜಪಾನಿನ ರೋಗಿಗಳಲ್ಲಿ ಕತ್ತು ಮತ್ತು ಕೈಗೆ ಹೋಗುವ ನಾಳಗಳಿಗೆ ಹೆಚ್ಚು ಪೆಟ್ಟು ಬಿದ್ದರೆ, ಭಾರತದಲ್ಲಿ ಹೊಟ್ಟೆಯ ಭಾಗದ ಮಹಾಧಮನಿ ಮತ್ತು ಮೂತ್ರಪಿಂಡದ ನಾಳಗಳೂ ಹೆಚ್ಚಾಗಿ ಸಿಕ್ಕಿಬೀಳುತ್ತವೆ. ಅದಕ್ಕೇ ನಮ್ಮಲ್ಲಿ ಚಿಕ್ಕ ವಯಸ್ಸಿನ ಹೆಣ್ಣುಮಗಳಿಗೆ ಬಿ.ಪಿ. ಬಂದರೆ ಈ ಕಾಯಿಲೆಯ ನೆನಪೂ ಆಗಬೇಕು ಎಂದು ನನ್ನ ವೈದ್ಯರು ಹೇಳುತ್ತಾರೆ. ಇದರಲ್ಲೊಂದು ಮೋಸವೂ ಇದೆ. ಎರಡೂ ಕೈಗಳ ನಾಳಗಳು ಕಿರಿದಾಗಿದ್ದರೆ ಒಳಗೆ ಒತ್ತಡ ಇನ್ನೂರಿದ್ದರೂ ಕೈಯಲ್ಲಿ ನೂರು ತೋರಿಸಬಹುದು. ಆಗ ಕಾಲಿನಲ್ಲಿ ಅಳೆಯಬೇಕಾಗುತ್ತದೆ.

ನಾಳ ನಿಧಾನವಾಗಿ ಮುಚ್ಚುತ್ತ ಬಂದರೆ ದೇಹ ಸುಮ್ಮನಿರುವುದಿಲ್ಲ. ಸಣ್ಣ ಸಣ್ಣ ನಾಳಗಳನ್ನು ಹಿಗ್ಗಿಸಿ ಅಡ್ಡದಾರಿ ಮಾಡಿಕೊಳ್ಳುತ್ತದೆ. ನಾಡಿ ಇಲ್ಲದ ನನ್ನ ಎಡಗೈ ಬೆಚ್ಚಗೆ ಇದ್ದದ್ದು, ಕೆಲಸ ಮಾಡುತ್ತಿದ್ದದ್ದು ಹಾಗೆ. ಕಾಯಿಲೆ ಅಷ್ಟು ದಿನ ಅಡಗಿ ಕೂತದ್ದೂ ಹಾಗೆಯೇ.

ಹೆಮ್ಮೆಪಡುವ ವಿಷಯವೊಂದಿದೆ. ಈ ಕಾಯಿಲೆ ಎಷ್ಟು ಚುರುಕಾಗಿದೆ ಎಂದು ಅಳೆಯುವ ಒಂದು ಮಾಪನವನ್ನು ರೂಪಿಸಿದ್ದು ನಮ್ಮ ದೇಶದ ವೈದ್ಯರು. ಲಖನೌದ ರಾಮನಾಥ್ ಮಿಶ್ರಾ, ವೆಲ್ಲೂರು ಸಿ.ಎಂ.ಸಿ.ಯ ದೇಬಶಿಶ್ ದಂಡಾ ಮತ್ತಿತರರು ಸೇರಿ ಮಾಡಿದ ‘ಐಟಾಸ್ 2010’ ಎಂಬ ಈ ಪಟ್ಟಿಯಲ್ಲಿ 44 ಅಂಶಗಳಿದ್ದು, 33 ಹೃದಯ ಮತ್ತು ರಕ್ತನಾಳಗಳಿಗೆ ಸಂಬಂಧಿಸಿದವು. ನಾಡಿ ಮುಟ್ಟುವುದು, ಸ್ಟೆತಾಸ್ಕೋಪ್ ಇಟ್ಟು ಕೇಳುವುದು, ಬಿ.ಪಿ. ನೋಡುವುದು ಇವೇ ಅದರ ತಿರುಳು. ಆ ರಾತ್ರಿ ಕಿರಿಯ ವೈದ್ಯೆ ಮಾಡಿದ್ದೂ ಅದನ್ನೇ.

ಮಾತು ಬಂದ ಬಗೆ

ಕೈ ಎರಡು ವಾರದಲ್ಲಿ ಬಹುಮಟ್ಟಿಗೆ ಸುಧಾರಿಸಿತು. ಮಾತು ಹಾಗಲ್ಲ. ಇದಕ್ಕೆ ಅಫೇಸಿಯಾ ಎನ್ನುತ್ತಾರೆ. ಬುದ್ಧಿ ಇರುತ್ತದೆ, ಹೇಳಬೇಕಾದದ್ದೂ ಇರುತ್ತದೆ. ಪದದ ಕಪಾಟಿನ ಬೀಗದ ಕೈ ಮಾತ್ರ ಸಿಗುವುದಿಲ್ಲ.

ಎರಡನೇ ದಿನ ನನ್ನ ಬಾಯಿಂದ ಬಂದ ಮೊದಲ ಸ್ಪಷ್ಟ ಪದ ‘ಮಾವ’. ಗುಜರಾತಿನಲ್ಲಿ ಅಡಿಕೆ, ತಂಬಾಕು, ಸುಣ್ಣ ಸೇರಿಸಿ ಉಜ್ಜಿ ಬಾಯಿಗೆ ಹಾಕಿಕೊಳ್ಳುವ ಚಟಕ್ಕೆ ‘ಮಾವಾ’ ಎನ್ನುತ್ತಾರೆ. ನರ್ಸ್ ಹುಬ್ಬು ಗಂಟಿಕ್ಕಿ ‘ಬೆನ್, ಇಂಥ ಸ್ಥಿತಿಯಲ್ಲೂ ಮಾವಾ ಬೇಕೇ?’ ಎಂದು ಗದರಿದಳಂತೆ. ಬಾಗಿಲಲ್ಲಿ ಗಂಜಿಯ ಕ್ಯಾರಿಯರ್ ಹಿಡಿದು ನಿಂತಿದ್ದ ಮಾವ ‘ಅವಳು ಕೇಳಿದ್ದು ನನ್ನನ್ನು’ ಎಂದು ಗುಜರಾತಿಯಲ್ಲಿ ವಿವರಿಸುವಷ್ಟರಲ್ಲಿ ಅಳುತ್ತಿದ್ದರು. ನರ್ಸ್ ನಗುತ್ತಿದ್ದಳು.

ನಾನು ಮನೆಯಲ್ಲಿ ಕುಂದಾಪುರ ಕನ್ನಡ, ಪತಿಯ ಜತೆ ಹುಬ್ಬಳ್ಳಿ ಬೆರೆತ ಕನ್ನಡ, ಆಫೀಸಿನಲ್ಲಿ ಇಂಗ್ಲಿಷ್, ರಸ್ತೆಯಲ್ಲಿ ಹಿಂದಿ, ತರಕಾರಿಯವನ ಬಳಿ ಹರಕುಮುರುಕು ಗುಜರಾತಿ ಆಡುವವಳು. ಹಲವು ಭಾಷೆ ಬಲ್ಲವರಿಗೆ ಸ್ಟ್ರೋಕ್ ಆದಾಗ ಎಲ್ಲ ಭಾಷೆಗಳೂ ಒಂದೇ ರೀತಿ ಮರಳುವುದಿಲ್ಲ. ಕೆಲವರಿಗೆ ತಾಯ್ನುಡಿ ಮೊದಲು, ಕೆಲವರಿಗೆ ದಿನವೂ ಹೆಚ್ಚು ಬಳಸುತ್ತಿದ್ದ ಭಾಷೆ ಮೊದಲು. ನನಗೆ ಅಮ್ಮನ ಕನ್ನಡ ಮೊದಲು ಬಂತು. ಹತ್ತು ವರ್ಷ ಹೊಟ್ಟೆಪಾಡಿಗೆ ಬಳಸಿದ ಇಂಗ್ಲಿಷ್ ಕೊನೆಗೆ.

ಇಲ್ಲೇ ಒಂದು ಸಮಸ್ಯೆಯಾಯಿತು. ಮಾತಿನ ಚಿಕಿತ್ಸೆಗೆ ಹೋದಲ್ಲಿ ಚಿತ್ರದ ಕಾರ್ಡುಗಳನ್ನು ತೋರಿಸುತ್ತಿದ್ದರು. ಚಹಾ ಸೋಸುವ ಜಾಲರಿಯ ಚಿತ್ರ ನೋಡಿ ನಾನು ‘ಚಾ ಅರಿಪೆ’ ಎಂದೆ. ಉತ್ತರ ತಪ್ಪು ಎಂದು ಗುರುತು ಹಾಕಿದರು. ಅವರಿಗೆ ಬೇಕಾದದ್ದು ಗುಜರಾತಿಯ ‘ಗರಣಿ’ ಅಥವಾ ಹಿಂದಿಯ ‘ಛನ್ನಿ’. ಚಿಕಿತ್ಸಕಿ ಒಳ್ಳೆಯವಳೇ. ಅವಳಿಗೆ ಕನ್ನಡ ಬರುತ್ತಿರಲಿಲ್ಲ, ಅಷ್ಟೆ. ಆ ದಿನ 30 ಕಾರ್ಡುಗಳಲ್ಲಿ 11 ಸರಿ ಎಂದು ಬರೆದುಕೊಟ್ಟಳು. ಪಕ್ಕದಲ್ಲಿ ಕೂತಿದ್ದ ಅಮ್ಮ ಎಣಿಸಿದ ಲೆಕ್ಕದಲ್ಲಿ 19 ಸರಿ ಇದ್ದವು.

ಆ ಎಂಟು ಪದಗಳ ವ್ಯತ್ಯಾಸ ನನ್ನನ್ನು ತುಂಬ ಕುಗ್ಗಿಸಿತು. ಪತಿ ವಿಚಾರಿಸಿ ವಿಚಾರಿಸಿ ಕೊನೆಗೆ ಮೈಸೂರಿನ ಕಡೆ ನೋಡಿದರು. 1965ರಲ್ಲಿ ಶುರುವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಅಲ್ಲಿಯ ಮಾನಸಗಂಗೋತ್ರಿಯಲ್ಲಿದೆ. ಅಫೇಸಿಯಾ ಪರೀಕ್ಷೆಯ ಕನ್ನಡ ರೂಪವೂ ಇದೆ ಎಂಬುದು ನಮಗೆ ಗೊತ್ತೇ ಇರಲಿಲ್ಲ. ಮೈಸೂರಿನಲ್ಲಿ ಓದಿದ ಕನ್ನಡತಿ ಚಿಕಿತ್ಸಕಿಯೊಬ್ಬರು ವಾರಕ್ಕೆ ಮೂರು ದಿನ ವಿಡಿಯೊ ಕರೆಯಲ್ಲಿ ಪಾಠ ಮಾಡಲು ಒಪ್ಪಿದರು. ಮಾವನ ಹೋಟೆಲ್ ಮೇಲಿನ ಕೋಣೆಯಲ್ಲಿ ಕೂತು, ಕೆಳಗಿನಿಂದ ಬರುವ ಸಾಂಬಾರಿನ ಪರಿಮಳದ ನಡುವೆ, ಈಳಿಗೆಮಣೆ, ಒಲೆ, ಕೊಡಪಾನ, ಹಗ್ಗ ಎಂದು ಮಕ್ಕಳಂತೆ ಹೇಳುತ್ತ ಹೋದೆ. ಮಧ್ಯಾಹ್ನ ಜನ ಕಡಿಮೆಯಾದಾಗ ಮಾವ ಮೆನು ಕಾರ್ಡ್ ಕೊಟ್ಟು ‘ಓದು’ ಎನ್ನುತ್ತಿದ್ದರು. ಇಡ್ಲಿಯಿಂದ ಶುರುವಾಗಿ ‘ಮೈಸೂರ್ ಮಸಾಲೆ’ ತನಕ ತಡವರಿಸದೆ ಓದಿದ ದಿನ ಹೋಟೆಲಿನ ಹುಡುಗರಿಗೆಲ್ಲ ಕ್ಷೀರ ಹಂಚಿದರು.

ಮೂರು ತಿಂಗಳು ವಡೋದರಾದಲ್ಲೇ ಇದ್ದೆ. ಆಮೇಲೆ ಕೆಲಸಕ್ಕೆ ಮರಳಿದೆ, ಮೊದಲು ದಿನಕ್ಕೆ ಎರಡು ಗಂಟೆ. ನಾನೇ ಬರೆದಿದ್ದ ಕೋಡ್ ಬೇರೆ ಯಾರೋ ಬರೆದಂತೆ ಕಾಣುತ್ತಿತ್ತು. ಮೀಟಿಂಗ್‌ನಲ್ಲಿ ಮೂವರು ಒಟ್ಟಿಗೆ ಮಾತನಾಡಿದರೆ ಈಗಲೂ ನನಗೆ ಕಷ್ಟ. ‘ಒಬ್ಬೊಬ್ಬರಾಗಿ ಹೇಳಿ’ ಎಂದು ಕೇಳಲು ಕಲಿತಿದ್ದೇನೆ. ಅದರಿಂದ ಮೀಟಿಂಗ್‌ಗಳು ಬೇಗ ಮುಗಿಯುತ್ತಿವೆ ಎಂದು ಸಹೋದ್ಯೋಗಿಗಳು ಹೇಳುತ್ತಾರೆ.

ಮಾತ್ರೆಯ ಡಬ್ಬಿ ಮತ್ತು ಒಂದು ಪ್ರಶ್ನೆ

ಚಿಕಿತ್ಸೆಯಲ್ಲಿ ಎರಡು ಕೆಲಸ. ಮತ್ತೆ ಹೆಪ್ಪು ಕಟ್ಟದಂತೆ ಆಸ್ಪಿರಿನ್‌ನಂಥ ಮಾತ್ರೆ. ಉರಿಯೂತ ಆರಿಸಲು ಸ್ಟಿರಾಯ್ಡ್ ಮತ್ತು ರೋಗನಿರೋಧಕ ವ್ಯವಸ್ಥೆಯನ್ನು ತಗ್ಗಿಸುವ ಔಷಧ. ಇದನ್ನು ನೋಡುವವರು ರುಮಟಾಲಜಿಸ್ಟ್. ನನಗೆ ಅಹಮದಾಬಾದ್‌ನಲ್ಲಿ ಒಬ್ಬರು ಸಿಕ್ಕಿದರು. ಕ್ಷಯ ಇದೆಯೇ ಎಂದು ಮೊದಲು ಪರೀಕ್ಷೆ ಮಾಡಿಸಿದರು, ಏಕೆಂದರೆ ಮೈಯಲ್ಲಿ ಮಲಗಿರುವ ಕ್ಷಯ ಈ ಔಷಧಗಳಿಂದ ಎದ್ದು ಕೂರಬಹುದು. ಸ್ಟಿರಾಯ್ಡ್‌ನಿಂದ ಮುಖ ಹುಣ್ಣಿಮೆ ಚಂದ್ರನಂತಾಯಿತು. ನಿದ್ದೆ ಹೋಯಿತು, ಹಸಿವು ಬಂತು. ಕನ್ನಡಿ ನೋಡುವುದನ್ನು ಬಿಟ್ಟೆ. ಆದರೂ ಅದನ್ನು ತಾವಾಗಿಯೇ ಥಟ್ಟನೆ ನಿಲ್ಲಿಸಬಾರದು, ವೈದ್ಯರು ಹೇಳಿದಂತೆ ಮೆಲ್ಲಗೆ ಇಳಿಸಬೇಕು. ಜತೆಗೆ ಕೊಟ್ಟ ಮೆಥೋಟ್ರೆಕ್ಸೇಟ್ ವಾರಕ್ಕೆ ಒಂದೇ ದಿನ. ತಪ್ಪಿ ದಿನವೂ ತಿಂದರೆ ಪ್ರಾಣಾಪಾಯ. ಮಾವನ ಗಲ್ಲಾದ ಕ್ಯಾಲೆಂಡರ್‌ನಲ್ಲಿ ಪ್ರತಿ ಬುಧವಾರಕ್ಕೆ ಕೆಂಪು ಗುರುತು ಬಿತ್ತು.

ಮೆಥೋಟ್ರೆಕ್ಸೇಟ್ ತೆಗೆದುಕೊಳ್ಳುವಾಗ ಗರ್ಭಿಣಿಯಾಗಬಾರದು. ನಮ್ಮ ಮದುವೆಯಾಗಿ ಆಗ ನಾಲ್ಕು ವರ್ಷ. ‘ಮುಂದಿನ ವರ್ಷ ನೋಡೋಣ’ ಎಂದು ಮಗುವಿನ ವಿಷಯವನ್ನೂ ರೈಲಿನ ವೇಳಾಪಟ್ಟಿಯಲ್ಲಿ ದೂಡುತ್ತ ಬಂದಿದ್ದೆವು. ವೈದ್ಯರು ಮುಚ್ಚುಮರೆ ಮಾಡಲಿಲ್ಲ. ಈ ಕಾಯಿಲೆಯಲ್ಲೂ ಎಷ್ಟೋ ಹೆಂಗಸರು ತಾಯಿಯಾಗಿದ್ದಾರೆ, ಆದರೆ ಕಾಯಿಲೆ ತಣ್ಣಗಿರಬೇಕು, ರಕ್ತದೊತ್ತಡ ಹತೋಟಿಯಲ್ಲಿರಬೇಕು, ಔಷಧವನ್ನು ಕೆಲವು ತಿಂಗಳ ಮೊದಲೇ ಬದಲಿಸಬೇಕು ಎಂದರು. ಕಳೆದ ಕೆಲವು ತಿಂಗಳಿಂದ ನಾನು ಗರ್ಭಧಾರಣೆಗೆ ಹೊಂದುವ ಅಜಥಿಯೊಪ್ರಿನ್ ಮೇಲಿದ್ದೇನೆ. ಇ.ಎಸ್.ಆರ್. ಇಳಿದಿದೆ, ಸ್ಕ್ಯಾನ್‌ನಲ್ಲಿ ಹೊಸ ಊತವಿಲ್ಲ. ಮುಂದಿನದ್ದು ಏನಾಗುತ್ತದೋ ನೋಡಬೇಕು. ಪತಿ ಈಗ ವಾರದ ಮೂರು ದಿನ ಅಹಮದಾಬಾದ್‌ನಿಂದಲೇ ಕೆಲಸ ಮಾಡುವ ವ್ಯವಸ್ಥೆ ಮಾಡಿಕೊಂಡಿದ್ದಾರೆ. ಐದು ವರ್ಷ ಹಿಂದೆಯೇ ಕೇಳಬಹುದಿತ್ತು. ಕೇಳಿರಲಿಲ್ಲ.

ಇನ್ನು ಖರ್ಚು. ಕಂಪನಿಯ ವಿಮೆ ಆಸ್ಪತ್ರೆಯಲ್ಲಿ ಮಲಗಿದ ದಿನಗಳ ಬಿಲ್ ಕಟ್ಟಿತು. ಆಮೇಲಿನ ಮಾತ್ರೆ, ಸ್ಕ್ಯಾನ್, ಮಾತಿನ ಚಿಕಿತ್ಸೆ ಎಲ್ಲ ಕೈಯಿಂದಲೇ. ನಿಮ್ಮ ವಿಮೆಯಲ್ಲಿ ಹೊರರೋಗಿ ಚಿಕಿತ್ಸೆ ಇದೆಯೇ ಎಂದು ಇವತ್ತೇ ಒಮ್ಮೆ ನೋಡಿಕೊಳ್ಳಿ.

ಹೊರನಾಡಿನ ನಮಗೆ

ಇದನ್ನು ಓದಿ ಹೆದರಬೇಡಿ. ಹೆಚ್ಚಿನ ಸ್ಟ್ರೋಕ್‌ಗಳಿಗೆ ಕಾರಣ ಏರಿದ ರಕ್ತದೊತ್ತಡ, ಸಕ್ಕರೆ ಕಾಯಿಲೆ, ತಂಬಾಕು, ಹೃದಯದ ತೊಂದರೆ. ಟಕಾಯಾಸು ಅಪರೂಪ. ಆದರೆ ಸ್ಟ್ರೋಕ್ ಮುದುಕರಿಗೆ ಮಾತ್ರ ಎಂಬುದು ಸುಳ್ಳು. ಬೆಂಗಳೂರಿನ ಜೆರೋಧಾ ಕಂಪನಿಯ ನಿತಿನ್ ಕಾಮತ್ ನಲವತ್ತರ ಹರೆಯದಲ್ಲೇ ತಮಗೆ ಲಘು ಸ್ಟ್ರೋಕ್ ಆಗಿ ಮುಖ ಸೊಟ್ಟಗಾದದ್ದನ್ನು, ಓದಲು ಬರೆಯಲು ಆಗದೆ ಹೋದದ್ದನ್ನು 2024ರ ಫೆಬ್ರುವರಿಯಲ್ಲಿ ತಾವೇ ಬರೆದುಕೊಂಡರು. ಅವರ ಕಾರಣ ಬೇರೆ, ನನ್ನ ಕಾರಣ ಬೇರೆ. ಆದರೆ ಆ ಬರಹ ಓದಿದ ದಿನ ನನಗೆ ಜತೆ ಸಿಕ್ಕಿದಂತಾಯಿತು.

ರಕ್ತನಾಳದ ಉರಿಯೂತದ ಬೇರೆ ರೂಪಗಳೂ ಇವೆ. ಊರಿನಲ್ಲಿರುವ ನಿಮ್ಮ ಅಪ್ಪ ಅಮ್ಮನಿಗೆ ಹೊಸದಾಗಿ ಕಣತಲೆಯ ಬಳಿ ತಲೆನೋವು, ಅಗಿಯುವಾಗ ದವಡೆ ನೋವು, ಕಣ್ಣು ಥಟ್ಟನೆ ಮಂಜಾಗುವುದು ಇದ್ದರೆ ತಡ ಮಾಡಬೇಡಿ. ಐವತ್ತು ದಾಟಿದವರಲ್ಲಿ ಕಾಣುವ ಜೈಂಟ್ ಸೆಲ್ ಆರ್ಟರೈಟಿಸ್ ದೃಷ್ಟಿಯನ್ನೇ ಕಸಿಯಬಹುದು. ಮೆದುಳಿನ ಪೊರೆಗೆ ಕ್ಷಯ ತಗುಲಿದಾಗಲೂ ಅಲ್ಲಿಯ ರಕ್ತನಾಳಗಳು ಊದಿಕೊಂಡು ಸ್ಟ್ರೋಕ್ ಆಗುವುದುಂಟು. ವಾರಗಟ್ಟಲೆ ಜ್ವರ, ತಲೆನೋವು, ವಾಂತಿ ಇದ್ದರೆ ಸುಮ್ಮನಿರಬಾರದು.

ನಾನು ಕಲಿತದ್ದನ್ನು ಚಿಕ್ಕದಾಗಿ ಹೇಳುತ್ತೇನೆ. ಮುಖ ಸೊಟ್ಟಗಾದರೆ, ಕೈ ಬಿದ್ದರೆ, ಮಾತು ತೊದಲಿದರೆ, ಥಟ್ಟನೆ ಕಣ್ಣು ಕಾಣದಾದರೆ ಅಥವಾ ತೂರಾಡಿದರೆ ಗಡಿಯಾರ ನೋಡಿಕೊಂಡು 108ಕ್ಕೆ ಕರೆ ಮಾಡಿ. ಕರ್ನಾಟಕದಲ್ಲೂ ಗುಜರಾತಿನಲ್ಲೂ ಅದೇ ಸಂಖ್ಯೆ. ಸಿ.ಟಿ. ಮತ್ತು ಹೆಪ್ಪು ಕರಗಿಸುವ ವ್ಯವಸ್ಥೆ ಇರುವ ಆಸ್ಪತ್ರೆಗೇ ಹೋಗಿ. ನೀವಿರುವ ಊರಿನಲ್ಲಿ ಅದು ಯಾವುದು ಎಂದು ಆರಾಮಾಗಿರುವಾಗಲೇ ತಿಳಿದುಕೊಳ್ಳಿ. ಐದು ನಿಮಿಷದಲ್ಲಿ ತಾನಾಗಿಯೇ ಸರಿಹೋದರೂ ಹೋಗಿ, ಅದು ದೊಡ್ಡದರ ಮುನ್ಸೂಚನೆ ಇರಬಹುದು. ವರ್ಷಕ್ಕೊಮ್ಮೆಯಾದರೂ ಎರಡೂ ಕೈಗಳಲ್ಲಿ ಬಿ.ಪಿ. ನೋಡಿಸಿ. ಎರಡರ ನಡುವೆ ಮತ್ತೆ ಮತ್ತೆ ಹತ್ತಕ್ಕಿಂತ ಹೆಚ್ಚು ವ್ಯತ್ಯಾಸ ಕಂಡರೆ ವೈದ್ಯರಿಗೆ ಹೇಳಿ. ನಿಮ್ಮ ಫೋನ್‌ನಲ್ಲಿ, ಕರೆದ ಕೂಡಲೇ ಬರುವ, ಆ ಊರಿನ ಭಾಷೆ ಬಲ್ಲ ಒಬ್ಬರ ಸಂಖ್ಯೆ ಇರಲಿ. ಅಹಮದಾಬಾದ್, ವಡೋದರಾ, ಸೂರತ್ ಮೂರೂ ಕಡೆ ಕನ್ನಡ ಬಳಗಗಳಿವೆ. ರಾಜ್ಯೋತ್ಸವದ ಊಟಕ್ಕೆ ಮಾತ್ರ ಹೋಗುತ್ತಿದ್ದ ನಾನು ಈಗ ಅವರ ಗುಂಪಿನಲ್ಲಿ ಯಾವ ಊರಿನ ಯಾವ ಆಸ್ಪತ್ರೆಯಲ್ಲಿ ಕನ್ನಡ ಬಲ್ಲ ವೈದ್ಯರು, ನರ್ಸ್‌ಗಳು ಇದ್ದಾರೆ ಎಂಬ ಪಟ್ಟಿ ಮಾಡುತ್ತಿದ್ದೇನೆ. ಇಲ್ಲಿಯವರೆಗೆ 26 ಹೆಸರು ಸೇರಿವೆ.

ಮಾವ ಹೋಟೆಲಿನ ಗಲ್ಲಾ ಪಕ್ಕ ಬಿ.ಪಿ. ಯಂತ್ರ ಇಟ್ಟಿದ್ದಾರೆ. ತಿಂಗಳ ಮೊದಲ ತಾರೀಕು ಸಂಬಳದ ಜತೆಗೆ ಹುಡುಗರೆಲ್ಲರ ಬಿ.ಪಿ. ನೋಡುತ್ತಾರೆ. ಒಂದು ಕೈ ಮುಗಿದ ಕೂಡಲೇ ಏಳಲು ಹೋದವರಿಗೆ ‘ಕೂತ್ಕೋ, ಇನ್ನೊಂದ್ ಕೈ’ ಎನ್ನುತ್ತಾರೆ.

ಸೂರತ್‌ನಿಂದ ಹೊರಟ ಭಾನುವಾರಗಳಲ್ಲಿ ನಾನು ಈಗಲೂ ನರ್ಮದಾ ಸೇತುವೆಯ ಮೇಲಿಂದ ಫೋನ್ ಮಾಡುತ್ತೇನೆ. ಮೊದಲೆಲ್ಲ ಅಮ್ಮನೇ ಹೆಚ್ಚು ಮಾತಾಡುತ್ತಿದ್ದರು. ಈಗ ನನ್ನನ್ನೇ ಮಾತಾಡಲು ಬಿಟ್ಟು ಸುಮ್ಮನೆ ಕೇಳುತ್ತಾರೆ. ವಡೋದರಾ ಬರುವ ತನಕ ಫೋನ್ ಇಡುವುದಿಲ್ಲ. ಅಂದು ನಾನು ಕೇಳಲಾಗದ ಪ್ರಶ್ನೆಯನ್ನು ತಿಂಗಳುಗಳ ನಂತರ ಕೇಳಿದೆ. ಕರುವಿಗೆ ನರ್ಮದಾ ಎಂದು ಹೆಸರಿಟ್ಟಿದ್ದಾರಂತೆ.